ಒಂದಕ್ಕಿಂತ ಮುಂದೆ

ಖಾಲಿ ಜಾಗ ಕಂಡರೆ ಬಾಣದ ಸಾರ್‌ಗೆ ಮೈಯೆಲ್ಲ ತುರಿಸುವಂತಾಗುತ್ತಿತ್ತು. ಗೋಡೆಯಲ್ಲಿ ಕಂಡರೆ ಕ್ಯಾಲೆಂಡರ್ ತೂಗುಹಾಕುತ್ತಿದ್ದರು, ಮೇಜಿನ ಮೇಲೆ ಕಂಡರೆ ಪೆನ್ನಿನ ಸ್ಟ್ಯಾಂಡು ಇಡುತ್ತಿದ್ದರು, ಯಾರದಾದರೂ ಮಾತಿನ ನಡುವೆ ಕಂಡರೆ ತಮ್ಮದೊಂದು ಮಾತು ತುರುಕುತ್ತಿದ್ದರು. ಇಂಥವರು ನಡೆಸುತ್ತಿದ್ದ ಕಚೇರಿಯ ಕೆಲಸವೇ ಖಾಲಿ ಜಾಗಗಳಿಂದ ತುಂಬಿದ್ದದ್ದು ಅವರ ಹಣೆಬರಹ.

ಕೆಲಸ ಇಷ್ಟೆ. ಜನ ಫೋನಿನಲ್ಲಿ ಏನನ್ನಾದರೂ ಹುಡುಕಿದಾಗ ಉತ್ತರಗಳ ಉದ್ದನೆಯ ಸಾಲೊಂದು ಬರುತ್ತದಲ್ಲ, ಆ ಸಾಲಿನಲ್ಲಿ ತಮ್ಮ ಗಿರಾಕಿಗಳ ಅಂಗಡಿ ಎಷ್ಟನೆಯದಾಗಿ ನಿಂತಿದೆ ಎಂದು ವಾರಕ್ಕೊಮ್ಮೆ ನೋಡಿ ವರದಿ ಕೊಡುವುದು. ಹುಡುಕುವ ಮಾತಿಗೆ ಕೀವರ್ಡ್ ಎನ್ನುತ್ತಿದ್ದರು. ಪ್ರತಿ ಕೀವರ್ಡಿಗೂ ಮೊದಲ ನೂರು ಉತ್ತರಗಳನ್ನು ಕಂಪ್ಯೂಟರು ಜಾಲಾಡುತ್ತಿತ್ತು. ಅಂಗಡಿ ಸಿಕ್ಕರೆ ಅದರ ಸ್ಥಾನ ಬರೆಯುತ್ತಿತ್ತು. ಹಿಂದಿನ ವಾರಕ್ಕಿಂತ ಮೇಲೇರಿದ್ದರೆ ಪಕ್ಕದಲ್ಲಿ ಹಸಿರು ಬಾಣ, ಇಳಿದಿದ್ದರೆ ಕೆಂಪು ಬಾಣ. ಈ ಬಾಣಗಳನ್ನು ಖುದ್ದಾಗಿ ನಿಂತು ದಪ್ಪ ಮಾಡಿಸುತ್ತಿದ್ದುದರಿಂದಲೇ ಸಾರ್‌ಗೆ ಆ ಹೆಸರು ಬಂದಿದ್ದು.

ನೂರರೊಳಗೆ ಅಂಗಡಿ ಸಿಗದೇ ಹೋದರೆ? ಆ ಜಾಗದಲ್ಲಿ ಲೆಕ್ಕದವಳು ಸಣ್ಣದೊಂದು ಅಡ್ಡಗೆರೆ ಎಳೆಯುತ್ತಿದ್ದಳು.

ಲೆಕ್ಕದವಳು ಎಂದರೆ ವರದಿ ತಯಾರಿಸುತ್ತಿದ್ದ ಹುಡುಗಿ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಅಂಕಿಗಳ ಜೊತೆ ಮರ್ಯಾದೆಯಿಂದ ನಡೆದುಕೊಳ್ಳಬೇಕೆಂದು ನಂಬಿದ್ದವಳು.

"ಏನು ಮೇಡಂ ಇದು, ಹಲ್ಲುದುರಿದ ಬಾಯಿ ಥರ?" ಎಂದು ಸಾರ್ ವರದಿ ಕೈಗೆತ್ತಿಕೊಂಡಾಗಲೆಲ್ಲ ನರಳುತ್ತಿದ್ದರು. "ಗಿರಾಕಿ ಇದನ್ನ ನೋಡಿ ಏನಂದ್ಕೋಬೇಕು? ನಾವು ನಿದ್ದೆ ಮಾಡ್ತಿದ್ವಿ ಅಂತಾನಾ?"

"ಹುಡುಕಿದ್ವಿ, ಸಿಗಲಿಲ್ಲ ಅಂತ ಅರ್ಥ ಸಾರ್. ಅದೂ ಒಂದು ಮಾಹಿತಿನೇ."

"ಮಾಹಿತಿ ಅಂದ್ಮೇಲೆ ಅಂಕಿ ಇರಬೇಕಲ್ವಾ? ಅಂಕಿ ಇಲ್ಲದ ಮಾಹಿತಿ ವರ ಇಲ್ಲದ ಮದುವೆ ಇದ್ದ ಹಾಗೆ."

ಎಷ್ಟನೆಯವರೆಂದು ಗೊತ್ತಿಲ್ಲದ ಮೇಲೆ ಅಂಕಿ ಎಲ್ಲಿಂದ ತರುವುದು ಎಂದು ಅವಳು ಬಿಡಿಸಿ ಹೇಳುತ್ತಿದ್ದಳು. ರೈಲು ನಿಲ್ದಾಣದಲ್ಲಿ ಬೇರೆ ಯಾರದೋ ರೈಲಿನ ಪ್ರಕಟಣೆ ಕೇಳುವವರ ಮುಖ ಮಾಡಿಕೊಂಡು ಸಾರ್ ಅಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದರು.

ಹೀಗಿರುವಾಗ ಲೆಕ್ಕದವಳಿಗೆ ಕಣ್ಣುಬೇನೆ ಬಂತು. ಕಣ್ಣು ಕೆಂಡದುಂಡೆ. ಪರದೆ ನೋಡಕೂಡದು, ಕಚೇರಿಗೆ ಬಂದು ಉಳಿದವರಿಗೆ ಹಂಚಕೂಡದು ಎಂದು ಡಾಕ್ಟರು ಮನೆಯಲ್ಲೇ ಕೂರಿಸಿದರು. ಬೇನೆ ಇಳಿದು, ಕಪ್ಪು ಕನ್ನಡಕ ಹಾಕಿಕೊಂಡು ಕಚೇರಿಗೆ ಮರಳಿದ ದಿನ ಅವಳ ಕಣ್ಣಿಗೆ ಮೊದಲು ಬಿದ್ದದ್ದು ನೀರಿನ ಫಿಲ್ಟರಿನ ಮೇಲೆ ಹೊಸದಾಗಿ ತೂಗುಹಾಕಿದ್ದ ಫ್ರೇಮು. ಚಿನ್ನದ ಬಣ್ಣದ ಅಂಚಿನೊಳಗೆ ದಪ್ಪಕ್ಷರದಲ್ಲಿ ಹೀಗಿತ್ತು: "ನಮ್ಮ ಸಂಸ್ಥೆಯ ಸರಾಸರಿ ಸ್ಥಾನ: 0.0".

ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದಳು. ಬೇನೆಯ ಪಳೆಯುಳಿಕೆಯೇನೂ ಅಲ್ಲ. ಸೊನ್ನೆ ಸೊನ್ನೆಯಾಗಿಯೇ ಇತ್ತು.

"ಹೇಗಿದೆ?" ಎಂದು ಬಾಣದ ಸಾರ್ ಬೆನ್ನ ಹಿಂದೆ ಬಂದು ನಿಂತರು. "ಒಂದನೇ ಸ್ಥಾನ ಎಲ್ಲರೂ ಕೇಳಿದಾರೆ. ಒಂದಕ್ಕಿಂತ ಮುಂದೆ ಇರೋದು ಕೇಳಿದೀರಾ?"

"ಸಾರ್... ನನ್ನ ಗೆರೆಗಳು ಎಲ್ಲಿ?"

"ನೀವಿಲ್ದಾಗ ಒಂದಿನ ಕೂತೆ. ಗೆರೆ ಇದ್ದ ಕಡೆಯೆಲ್ಲ ಸೊನ್ನೆ ಹಾಕು ಅಂದೆ. ಟಕ್ ಅಂತ ಒಂದೇ ಏಟಿಗೆ ಹಾಕ್ತು. ಏನು ಲಕ್ಷಣವಾಗಿ ಕಾಣ್ತಿದೆ ಗೊತ್ತಾ? ಬಾಯಿ ತುಂಬ ಹಲ್ಲು."

ಅವಳಿಗೆ ನಿಂತಲ್ಲೇ ಲೆಕ್ಕ ಹೊಳೆಯಿತು. ಗೆರೆಯಿದ್ದಾಗ ಕಂಪ್ಯೂಟರು ಆ ಜಾಗವನ್ನು ಹಾರಿಸಿಕೊಂಡು ಸರಾಸರಿ ತೆಗೆಯುತ್ತಿತ್ತು. ಸೊನ್ನೆ ಹಾಕಿದೊಡನೆ ಅದೂ ಒಂದು ಸ್ಥಾನವೆಂದು ನಂಬಿತು. ಸ್ಥಾನ ಸಣ್ಣದಾದಷ್ಟೂ ಒಳ್ಳೆಯದು ತಾನೇ? ಎಲ್ಲಿಯೂ ಕಾಣದ ಅಂಗಡಿ ಎಲ್ಲರಿಗಿಂತ ಮುಂದೆ ಹೋಗಿ ನಿಂತಿತು. ಬಾಣದ ಸಾರ್‌ ಅವರ ಸಂಸ್ಥೆಯಂತೂ ಒಂದು ಪದಕ್ಕೂ ಸಿಕ್ಕಿರಲಿಲ್ಲ. ಆದ್ದರಿಂದಲೇ ಅದರದು ಕಲಬೆರಕೆಯಿಲ್ಲದ ಶುದ್ಧ ಸೊನ್ನೆ, ಫ್ರೇಮಿಗೆ ಯೋಗ್ಯ.

"ಗಿರಾಕಿಗಳೆಲ್ಲ ಖುಷಿ" ಎಂದು ಸಾರ್ ಮುಂದುವರಿಸಿದರು. "ನಿಮ್ಮ ಸೋದರಮಾವನ್ನ ಕೇಳ್ಲೇಬೇಡಿ. ಹೊಸ ಕೀವರ್ಡ್ ಹಾಕಿ, ಹೊಸ ಕೀವರ್ಡ್ ಹಾಕಿ ಅಂತ ಒಂದೇ ಸಮನೆ ಫೋನು. ಹಾಕಿದಷ್ಟೂ ಮೇಲೆ ಹೋಗ್ತಾರೆ! ಅಂಥ ಗಿರಾಕಿನ ನನ್ನ ಜನ್ಮದಲ್ಲಿ ನೋಡಿಲ್ಲ. ಇವತ್ತು ಮಧ್ಯಾಹ್ನ ಹಳೇ ಅಂಗಡಿ ಕೀ ಕೊಡ್ತಿದಾರಂತಲ್ಲ, ಮೈನ್ ರೋಡಲ್ಲಿ ಶೋರೂಮ್ ಅಂತೆ. ನಿಮಗೆ ಹೇಳಿಲ್ವಾ?"

ಹೇಳಿದ್ದ. ಕಣ್ಣಿಗೆ ಹತ್ತಿ ಕಟ್ಟಿಕೊಂಡು ಮಲಗಿದ್ದಾಗ ಅಮ್ಮ ಫೋನಿನ ಸಂದೇಶ ಓದಿ, "ನಿನ್ನ ಮಾವ ಶೋರೂಮ್ ಇಡ್ತಾನಂತೆ" ಎಂದಿದ್ದಳು. ಮಾವ ಈ ಹಿಂದೆ ಹಡಗು ಹತ್ತುವುದಾಗಿಯೂ, ಕೊಳಲು ಕಲಿಯುವುದಾಗಿಯೂ ಹೇಳಿದ್ದವನಾದ್ದರಿಂದ ಅವಳು ಮಗ್ಗುಲು ಬದಲಿಸಿ ಮಲಗಿದ್ದಳು.

ಮಾವನದು ಬಸ್ ನಿಲ್ದಾಣದ ಎದುರು ಸೂಟ್‌ಕೇಸ್ ರಿಪೇರಿ ಅಂಗಡಿ. ಮುರಿದ ಚಕ್ರ, ಕಿತ್ತ ಹಿಡಿ, ಬಾಯಿ ಮುಚ್ಚದ ಜಿಪ್ಪು. ಆ ಅಂಗಡಿ ಹೋದರೆ ಮತ್ತೆ ಸಿಗುವಂಥದಲ್ಲ. ಪಕ್ಕದ ಜ್ಯೂಸ್ ಅಂಗಡಿಯವನು ಅದರ ಮೇಲೆ ಕಣ್ಣಿಟ್ಟು ವರ್ಷಗಳಾಗಿದ್ದವು.

ಅವಳು ಮಾವನ ವರದಿ ತೆರೆದಳು. ನಲವತ್ತು ಪದಗಳು. ಎಂಟಕ್ಕೆ ಅಂಗಡಿ ಸಿಕ್ಕಿತ್ತು, ಎಂಟೂ ಮೊದಲ ಐದು ಸ್ಥಾನಗಳೊಳಗೆ. ಮೂವತ್ತೆರಡಕ್ಕೆ ಸಿಕ್ಕೇ ಇರಲಿಲ್ಲ. ಸರಾಸರಿ 0.6. ಸಿಕ್ಕಿದ್ದು 'ಸೂಟ್‌ಕೇಸ್ ಚಕ್ರ ರಿಪೇರಿ', 'ಜಿಪ್ ರಿಪೇರಿ ಬಸ್ ನಿಲ್ದಾಣ' ಇಂಥವಕ್ಕೆ. ಸಿಗದಿದ್ದು 'ಹೊಸ ಸೂಟ್‌ಕೇಸ್', 'ಮದುವೆಗೆ ಲಗೇಜ್ ಸೆಟ್', 'ಪ್ರಯಾಣಿಕರ ಕನಸಿನ ತಾಣ' ಇಂಥವಕ್ಕೆ. ಕೊನೆಯದನ್ನು ಮಾವ ಸ್ವಂತ ರಚಿಸಿರಬೇಕು. ಭೂಮಿಯ ಮೇಲೆ ಒಬ್ಬ ಮನುಷ್ಯನೂ ಅದನ್ನು ಹುಡುಕಿರುವ ಸಂಭವವಿರಲಿಲ್ಲ.

ಸಾರ್ ಮೇಲೆ ಸಿಟ್ಟು ಮಾಡಿಕೊಂಡೇ ಹಳೆಯ ವಾರಗಳ ಹಾಳೆಗಳನ್ನು ಹಿಂದಕ್ಕೆ ಸರಿಸುತ್ತ ಹೋದವಳು ಒಂದು ಕಡೆ ತಟ್ಟನೆ ನಿಂತಳು. ಸೊನ್ನೆಗಳ ಕಾಲಕ್ಕೂ ಮುಂಚಿನ ಹಾಳೆ, ಅವಳದೇ ಕೈಕೆಲಸ. ಆಗ ಒಂಬತ್ತು ಪದ ಸಿಗುತ್ತಿದ್ದವು, ಸರಾಸರಿ ಎಂಟು. ಒಂಬತ್ತನೆಯದಾದ 'ಬ್ಯಾಗ್ ರಿಪೇರಿ' ನಲವತ್ತೆಂಟರಲ್ಲಿ ಏದುಸಿರು ಬಿಡುತ್ತಿತ್ತು. ಮುಂದಿನ ವಾರ ಅದು ನೂರರಾಚೆ ಬಿದ್ದುಹೋಗಿ ಗೆರೆಯಾಯಿತು. ಸರಾಸರಿ ಎಂಟರಿಂದ ಮೂರಕ್ಕೆ ಜಿಗಿಯಿತು. ಹಾಳೆಯ ಮೇಲೆ ದಪ್ಪ ಹಸಿರು ಬಾಣ. "ಶಹಬ್ಬಾಸ್ ಮಾವ!" ಎಂದು ಸಂದೇಶ ಕಳಿಸಿದ್ದವಳು ಅವಳೇ.

ಮಾವ ಒಂದು ಪದ ಕಳೆದುಕೊಂಡದ್ದಕ್ಕೆ ಅವಳು ಅಭಿನಂದಿಸಿದ್ದಳು. ಸೊನ್ನೆ ಡಂಗುರ ಹೊಡೆದು ಸುಳ್ಳು ಹೇಳುತ್ತದೆ. ಗೆರೆ ಸಭ್ಯವಾಗಿ, ಬಾಯಿಗೆ ಕರವಸ್ತ್ರ ಅಡ್ಡಹಿಡಿದು ಹೇಳುತ್ತದೆ. ವ್ಯತ್ಯಾಸ ಅಷ್ಟೆ.

"ಸಾರ್, ನಾನು ಮಾವನ ಅಂಗಡಿಗೆ ಹೋಗ್ಬರ್ತೀನಿ."

ಸಾರ್‌ಗೆ ವಾಸನೆ ಹತ್ತಿತು. "ಏನೂ ಹೇಳ್ಬೇಡಿ! ಬೇಕಾದ್ರೆ ಸೊನ್ನೆ ತೆಗೆದು ನೂರೊಂದು ಹಾಕೋಣ. ನೂರರ ಆಚೆ ಅಂತ. ನ್ಯಾಯವಾಗೇ ಇರತ್ತೆ."

"ಹಾಕಿದ್ರೆ ಮಾವನ ಸರಾಸರಿ ಎಂಬತ್ತೊಂದೂ ಚಿಲ್ಲರೆ ಆಗತ್ತೆ ಸಾರ್."

ಸಾರ್ ಫಿಲ್ಟರನ್ನು ಹಿಡಿದುಕೊಂಡರು. ರಾತ್ರಿ ಬೆಳಗಾಗುವುದರಲ್ಲಿ 0.6ರಿಂದ ಎಂಬತ್ತೊಂದು. ಅಷ್ಟು ದೊಡ್ಡ ಕೆಂಪು ಬಾಣ ಹಾಳೆಯ ಮೇಲೆ ಹಿಡಿಸುವುದೂ ಅನುಮಾನ.

"ಅದೂ ಸುಳ್ಳೇ. ನೂರೊಂದರಲ್ಲಿದಾರೋ, ಸಾವಿರದಲ್ಲಿದಾರೋ, ಇಲ್ವೇ ಇಲ್ವೋ, ನಾವೆಲ್ಲಿ ನೋಡಿದೀವಿ?" ಎಂದವಳೇ ಬ್ಯಾಗು ಹೆಗಲಿಗೇರಿಸಿ ಹೊರಟಳು.

ಬಸ್ ನಿಲ್ದಾಣದ ಎದುರು ಇಳಿದಾಗ ಅಂಗಡಿಯ ನೆತ್ತಿಯ ಮೇಲಿನ ಬ್ಯಾನರು ಅರ್ಧ ಬೀದಿಯಿಂದಲೇ ಕಾಣುತ್ತಿತ್ತು: "ಒಂದಕ್ಕಿಂತ ಮುಂದೆ! ಸರಾಸರಿ ಸ್ಥಾನ 0.6". ಅದರ ಕೆಳಗೆ ಮಾವ ನಿಂತಿದ್ದ. ಸದಾ ಗ್ರೀಸು ಮೆತ್ತಿದ ಬನಿಯನ್ನಿನಲ್ಲಿರುತ್ತಿದ್ದವನು ಈಗ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತೋಳಿನ ಬಿಳಿ ಅಂಗಿ ತೊಟ್ಟು, ಯಾವುದಕ್ಕೂ ತಾಗದಂತೆ ಎರಡೂ ಕೈ ದೂರ ಹಿಡಿದು, ಬಣ್ಣ ಒಣಗದ ಬಾಗಿಲಿನಂತೆ ಕಾಣುತ್ತಿದ್ದ. ಒಳಗೆ ಅತ್ತೆ ಇಕ್ಕಳ, ಸುತ್ತಿಗೆಗಳನ್ನು ಹಳೆ ಪೇಪರಿನಲ್ಲಿ ಸುತ್ತುತ್ತಿದ್ದಳು. ಗೋಡೆಯಲ್ಲಿ ಅಳತೆವಾರು ನೇತುಬಿದ್ದಿದ್ದ ಚಕ್ರಗಳು ಆಗಲೇ ಗೋಣಿಚೀಲ ಸೇರಿದ್ದವು. ಜ್ಯೂಸ್ ಅಂಗಡಿಯವನು ಟೇಪು ಹಿಡಿದು ಗೋಡೆ ಅಳೆಯುತ್ತ, ಫ್ರಿಜ್ಜು ಎಲ್ಲಿ ಕೂರುತ್ತದೆಂದು ಮನಸ್ಸಿನಲ್ಲೇ ಕೂರಿಸುತ್ತಿದ್ದ.

"ಬಾರೇ ಪುಟ್ಟಿ! ಸರಿಯಾದ ಹೊತ್ತಿಗೆ ಬಂದೆ" ಎಂದ ಮಾವ. "ನಿನ್ನ ಕೈಯಿಂದಾನೇ ಇವನಿಗೆ ಕೀ ಕೊಡಿಸ್ತೀನಿ. ಇಷ್ಟಕ್ಕೆಲ್ಲ ನೀನೇ ಕಾರಣ."

"ಅದೇ ಮಾವ ನನ್ನ ಭಯ."

"ಕಣ್ಣು ಹೇಗಿದ್ಯೇ?" ಎಂದಳು ಅತ್ತೆ, ತಲೆ ಎತ್ತದೆ. "ನನ್ನ ಕಡೆ ನೋಡ್ಬೇಡ, ಅಂಟೀತು. ನನಗೆ ಉಳಿದಿರೋದು ಒಂದೇ ಸಮಾಧಾನ, ಆರೋಗ್ಯ."

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವ ವಿದ್ಯೆ ಲೆಕ್ಕದವಳಿಗೆ ಬರುತ್ತಿರಲಿಲ್ಲ. "ಮಾವ, ಆ ಸೊನ್ನೆ ಬಿಂದು ಆರು ಸುಳ್ಳು. ಸೊನ್ನೆ ಅಂದ್ರೆ ಮುಂದೆ ಅಂತ ಅಲ್ಲ, ನೀನು ಆ ಸಾಲಿನಲ್ಲೇ ಇಲ್ಲ ಅಂತ."

ಮಾವ ನಕ್ಕ. ಮಗು ಚಂದ್ರ ಬೇಕೆಂದಾಗ ನಗುವ ನಗೆ. "ಲಿಫ್ಟಲ್ಲಿ ಹೋಗಿದೀಯಾ? ಒಂದು ಒತ್ತಿದ್ರೆ ಮೇಲಿನ ಮಹಡಿ. ಸೊನ್ನೆ ಒತ್ತಿದ್ರೆ? ನೆಟ್ಟಗೆ ಬಾಗಿಲ ಹತ್ರ. ಮೊದಲು ಸಿಗೋದು ಯಾವ್ದು? ಸೊನ್ನೆ! ಲೆಕ್ಕ ಓದಿದೋಳು ನೀನು, ನನಗೆ ಹೇಳ್ತೀಯಾ?"

ಎಂ.ಎಸ್ಸಿ.ಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಜ್ಯೂಸ್ ಅಂಗಡಿಯವನೂ ಟೇಪು ಹಿಡಿದುಕೊಂಡೇ ತಲೆದೂಗಿದ. "ಪಾಯಿಂಟ್ ಇದೆ."

"ಓಟದ ಪಂದ್ಯಕ್ಕೇ ಹೋಗದೆ ಮನೇಲಿ ಮಲಗಿದ್ದವನಿಗೆ ಎಷ್ಟನೇ ಸ್ಥಾನ ಮಾವ?"

"ಅವನು ಯಾಕೆ ಮಲಗಿದ್ದ?"

"ಮಾವ!"

"ಇಲ್ಲ, ಕಾರಣ ಕೇಳ್ದೆ."

ವಾದದಿಂದ ಆಗುವ ಕೆಲಸ ಇದಲ್ಲ ಎಂದು ಅವಳಿಗೆ ಮನದಟ್ಟಾಯಿತು. "ನಿನ್ನ ಫೋನು ತೆಗಿ. 'ಹೊಸ ಸೂಟ್‌ಕೇಸ್' ಅಂತ ಹುಡುಕು. ನಿನ್ನ ಕೈಯಲ್ಲೇ, ನಿನ್ನ ಕಣ್ಣಲ್ಲೇ ನೋಡ್ಕೋ."

ಮಾವ ತೋಳಿನ ಮಡಿಕೆ ಕೆಡದಂತೆ ಫೋನು ತೆಗೆದು ಹುಡುಕಿದ. ಸಾಲು ಬಂತು. ಮೊದಲನೆಯವನು ಯಾರೋ ದೊಡ್ಡ ವ್ಯಾಪಾರಿ, ಎರಡನೆಯವನು ಅವನ ಪ್ರತಿಸ್ಪರ್ಧಿ, ಮೂರನೆಯವನು ಇಬ್ಬರಿಗೂ ಸಾಮಾನು ಕೊಡುವವನು. ಮಾವ ಕೆಳಗಿನ ಹೆಸರುಗಳತ್ತ ಹೋಗಲಿಲ್ಲ. ಹೆಬ್ಬೆರಳಿನಿಂದ ಪರದೆಯನ್ನು ಕೆಳಕ್ಕೆ ಎಳೆದ. ಮೊದಲನೆಯವನ ಮೇಲೆ ಯಾರಿದ್ದಾರೆಂದು ನೋಡಬೇಕಲ್ಲ. ಸಣ್ಣ ಚಕ್ರವೊಂದು ಗಿರಗಿರ ತಿರುಗಿ ಮಾಯವಾಗಿ, ಅದೇ ಸಾಲು ಮತ್ತೆ ಬಂತು. ಮತ್ತೆ ಎಳೆದ. ಮತ್ತೆ ಚಕ್ರ, ಮತ್ತೆ ಅದೇ ಸಾಲು.

"ಮೇಲೆ ಹೋಗ್ತಾನೇ ಇಲ್ವಲ್ಲೇ ಇದು."

"ಒಂದರ ಮೇಲೆ ಏನೂ ಇಲ್ಲ ಮಾವ."

"ಜೋರಾಗಿ ಎಳೀರಿ" ಎಂದ ಜ್ಯೂಸ್ ಅಂಗಡಿಯವನು. ಅವನಿಗೂ ಈಗ ಕುತೂಹಲ. ತಾನೇ ಫೋನು ಇಸಿದುಕೊಂಡು, ಹಣ್ಣು ಹಿಂಡಿ ಹಿಂಡಿ ಗಟ್ಟಿಯಾದ ಹೆಬ್ಬೆರಳಿನಿಂದ ಎಳೆದ. ಪರದೆಯ ಮೇಲೆ ಚಕ್ರಗಳು ಹುಟ್ಟಿ ಸತ್ತವೇ ವಿನಾ ಸೊನ್ನೆಯ ಮಹಡಿ ಕಾಣಲಿಲ್ಲ.

ಆಮೇಲೆ ಕೆಳಗಡೆ ಹುಡುಕಾಟ ಶುರುವಾಯಿತು. ಮಾವ ಸ್ಟೂಲಿನ ಮೇಲೆ ಕೂತ. ಹತ್ತು, ಇಪ್ಪತ್ತು. ಮೂವತ್ತರ ಹೊತ್ತಿಗೆ ಮುಂಗೈ ಗುಂಡಿ ಬಿಚ್ಚಿದ. ಐವತ್ತರ ಹೊತ್ತಿಗೆ ಅತ್ತೆ ಸುತ್ತಿಗೆ ಬಿಟ್ಟು ಹೆಗಲ ಮೇಲಿಂದ ಬಗ್ಗಿ ನೋಡತೊಡಗಿದಳು.

"ಅಲ್ಲೊಂದು ನಮ್ಮ ಥರ ಕಾಣ್ತಿದೆ ನೋಡ್ರಿ."

"ಅದು ಆಮೆ ಕಣೆ. ಆಮೆ ಸಾಕೋ ಡಬ್ಬಿ ಮಾರೋರು."

"ಆಮೆಯವರು ನಮಗಿಂತ ಮುಂದಿದಾರಾ?"

ಮಾವ ಸರಿಸುತ್ತಲೇ ಹೋದ. ನೂರು ದಾಟಿತು. ಇನ್ನೂ ಕೆಲವು ಪದಗಳನ್ನು ಪ್ರಯತ್ನಿಸಿದರು. 'ಮದುವೆಗೆ ಲಗೇಜ್ ಸೆಟ್'ನಲ್ಲಿ ಛತ್ರಗಳು, ಬ್ಯಾಂಡಿನವರು, ಬ್ಯಾಂಡಿನವರ ಮೇಲೆ ದೂರು ಕೊಟ್ಟವರು ಎಲ್ಲ ಸಿಕ್ಕರು, ಮಾವ ಸಿಗಲಿಲ್ಲ. ಮಾವನ ಮುಖ ಗಾಳಿ ಇಳಿಯುತ್ತಿರುವ ಚೆಂಡಿನಂತೆ ಸಣ್ಣಗಾಗುತ್ತಿತ್ತು. ಅಟ್ಟ ಹತ್ತಿಸಿ ಏಣಿ ಎಳೆದುಕೊಂಡವಳು ತಾನೇ ಎಂದು ಲೆಕ್ಕದವಳ ಕೆಂಪುಗಣ್ಣು ಮತ್ತಷ್ಟು ಕೆಂಪಾಯಿತು.

"ಮೂವತ್ತೆರಡರಲ್ಲಿ ಒಂದರಲ್ಲೂ ಇಲ್ವಾ?" ಎಂದ ಮಾವ ಕೊನೆಗೆ.

"ಇಲ್ಲ ಮಾವ. ಶೋರೂಮಿನ ಮಾತು ಒಂದಕ್ಕೂ ನೀನು ಕಾಣಲ್ಲ. ಕಾಣೋದೆಲ್ಲ ರಿಪೇರಿಗೆ."

ಮಾವ ಫೋನನ್ನು ಬೆಂಚಿನ ಮೇಲಿಟ್ಟ. ಆಮೇಲೆ, ಮೇಷ್ಟ್ರು ಬರಲ್ವಂತೆ ಎಂಬ ಸುದ್ದಿಯನ್ನು ಇನ್ನೂ ಪೂರ್ತಿ ನಂಬಲಾರದ ಹುಡುಗನ ದನಿಯಲ್ಲಿ ಕೇಳಿದ: "ಹಾಗಾದ್ರೆ... ಹೋಗಲೇಬೇಕು ಅಂತೇನಿಲ್ಲ?"

ಬಗ್ಗಿದ್ದ ಅತ್ತೆ ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದಳು. "ಏನ್ರೀ ಹಾಗಂದ್ರೆ? ಶೋರೂಮು ಶೋರೂಮು ಅಂತ ಕುಣಿದಿದ್ದು ನೀವಲ್ವಾ?"

"ನಾನೆಲ್ಲಿ ಕುಣಿದೆ? ಅಂಕಿ ಕುಣಿಸ್ತು! ಒಂದಕ್ಕಿಂತ ಮುಂದೆ ಇರೋನು ಸ್ಟೂಲ್ ಮೇಲೆ ಕೂತು ಜಿಪ್ಪಿಗೆ ಮೇಣ ತಿಕ್ಕೋದು ನಾಚಿಕೆಗೇಡು ಅಂತ ನಿನ್ನ ಅಕ್ಕನ ಗಂಡ ಎಲ್ಲರೆದುರು ಹೇಳಿದ್ನಲ್ಲ. ನಾನೇನು ಮಾಡ್ಲಿ? ಅಷ್ಟು ಮುಂದೆ ಹೋದ್ಮೇಲೆ ಹಿಂದೆ ಕೂರಕ್ಕಾಗತ್ತಾ?" ಬಿಳಿ ತೋಳುಗಳನ್ನು ಮೊಣಕೈ ಮೇಲಕ್ಕೆ ಸುತ್ತಿಕೊಳ್ಳುತ್ತ ಮಾತು ಮುಂದುವರಿಸಿದ. "ಶೋರೂಮಲ್ಲಿ ನಾನು ಮಾಡೋದಾದ್ರೂ ಏನು? ಹೊಸ ಸೂಟ್‌ಕೇಸಿನ ಪಕ್ಕ ನಿಂತು, ಅದು ಯಾವಾಗ ಮುರಿಯತ್ತೋ ಅಂತ ಕಾಯೋದಾ?"

"ಇಷ್ಟು ಹೊತ್ತು ಇದನ್ನ ಹೇಳಕ್ಕೆ ನಿಮ್ಮ ಬಾಯಿಗೂ ಜಿಪ್ ಕೆಟ್ಟಿತ್ತಾ?" ಎಂದು ಅತ್ತೆ ಪೇಪರು ಬಿಚ್ಚಿ ಸುತ್ತಿಗೆಗಳನ್ನು ಒಂದೊಂದಾಗಿ ಬೆಂಚಿನ ಮೇಲೆ ಕುಕ್ಕತೊಡಗಿದಳು. ಪ್ರತಿ ಸುತ್ತಿಗೆಗೂ ಗಂಡನಿಗೊಂದು, ಅಕ್ಕನ ಗಂಡನಿಗೆರಡು ಮಾತು ಬೀಳುತ್ತಿತ್ತು.

ಅಷ್ಟರಲ್ಲಿ ಸ್ಕೂಟರಿನಿಂದ ಧಾವಿಸಿ ಇಳಿದ ಬಾಣದ ಸಾರ್, ಹೆಲ್ಮೆಟ್ಟು ತೆಗೆಯದೆಯೇ ಒಳನುಗ್ಗಿದರು. "ಹೇಳಿಬಿಟ್ರಾ? ಮಾವನವರೇ, ಒಂದು ನಿಮಿಷ, ಈ ಅಂಕಿಗಳನ್ನ ನೋಡೋ ರೀತಿ ಬೇರೆ ಇದೆ..."

"ಬನ್ನಿ ಸಾರ್, ಕೂತ್ಕೊಳ್ಳಿ" ಎಂದ ಮಾವ ಸಂಭ್ರಮದಿಂದ. "ನನ್ನ ಸೊನ್ನೆ ನೋಡಾಯ್ತು. ಈಗ ನಿಮ್ಮದು ನೋಡೋಣ. ಫೋನು ತೆಗೀರಿ. ಮೊದಲು ಮೇಲಕ್ಕೆ ಎಳೀಬೇಕಾ ಕೆಳಕ್ಕಾ ನಾನು ಹೇಳಿಕೊಡ್ತೀನಿ."

ಸಾರ್ ಎಳೆದರು. ಸರಿಸಿದರು. ಹೆಲ್ಮೆಟ್ಟಿನೊಳಗಿನಿಂದ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಜನರನ್ನು ಹುಡುಕಾಟದಲ್ಲಿ ಮುಂದೆ ತರುವುದೇ ಕಸುಬಾಗಿದ್ದ ಸಂಸ್ಥೆ ಎಲ್ಲಿಯೂ ಇರಲಿಲ್ಲ. ನೂರು ಮುಟ್ಟಿದಾಗ ಹೆಲ್ಮೆಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಈಗ ಅಲ್ಲಿ ಏನು ಬರೆಯೋದು ಮೇಡಂ?" ಎಂದರು ಮೆಲ್ಲಗೆ.

"'ಕಾಣಲಿಲ್ಲ' ಅಂತ ಬರೆಯೋಣ ಸಾರ್. ಅಂಕಿ ಬೇಡ, ಸರಾಸರಿನೂ ಬೇಡ. ಎಷ್ಟು ಪದ ಕೇಳಿದ್ವಿ, ಎಷ್ಟಕ್ಕೆ ಸಿಕ್ಕಿದಾರೆ, ಸಿಕ್ಕ ಕಡೆ ಎಲ್ಲಿದಾರೆ, ಅಷ್ಟು ಸಾಕು. ಕಾಣದೇ ಇರೋದನ್ನ ಬೇರೆ ಕಡೆ ಇಟ್ಟು ಯಾಕೆ ಕಾಣಲ್ಲ ಅಂತ ನೋಡೋಣ. ಕೆಲವಕ್ಕೆ ವೆಬ್‌ಸೈಟಲ್ಲಿ ಪುಟಾನೇ ಇಲ್ಲ. ಕೆಲವನ್ನ ಯಾರೂ ಹುಡುಕಲ್ಲ." ಮಾವನತ್ತ ತಿರುಗಿದಳು. "ಪ್ರಯಾಣಿಕರ ಕನಸಿನ ತಾಣ."

"ಅದು ಚೆನ್ನಾಗಿತ್ತು" ಎಂದ ಮಾವ.

"ನನ್ನ ಗೆರೆನೂ ತೆಗೆದುಹಾಕ್ತೀನಿ" ಎಂದಳು ಅವಳು. "ಅದೂ ಮೋಸಾನೇ. ನಿನ್ನ 'ಬ್ಯಾಗ್ ರಿಪೇರಿ' ಬಿದ್ದುಹೋದ ದಿನ ನಾನು ನಿನಗೆ ಶಹಬ್ಬಾಸ್ ಅಂದಿದ್ದೆ ಮಾವ."

"ಆ ನೆಪ ಇಲ್ದೇ ಇದ್ರೆ ನೀನು ಆವತ್ತು ಮೆಸೇಜೇ ಮಾಡ್ತಿರಲಿಲ್ಲ ಬಿಡು."

ಜ್ಯೂಸ್ ಅಂಗಡಿಯವನು ಟೇಪು ಸುತ್ತುತ್ತ ಬಾಗಿಲಲ್ಲಿ ನಿಂತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬಾರದವನ ಮುಖ. "ಹಾಗಾದ್ರೆ ಕೀ?"

ಮಾವ ಜೇಬಿನಿಂದ ಕೀ ತೆಗೆದ, ನೋಡಿದ, ಇನ್ನೊಂದು ಜೇಬಿಗೆ ಹಾಕಿಕೊಂಡ. "ಬೇಜಾರು ಮಾಡ್ಕೋಬೇಡ ಕಣಯ್ಯಾ. ಗೋಡೆ ಅಳೆದಿದೀಯ, ದಂಡ ಆಗಬಾರದು. ಹೊರಗಡೆ ನೆರಳಲ್ಲಿ ನಿನ್ನ ಎರಡು ಬೆಂಚು ಹಾಕ್ಕೋ. ನನ್ನ ಗಿರಾಕಿಗಳು ಚಕ್ರ ಹಾಕೋವರೆಗೂ ಬಾಯಾರ್ಕೊಂಡೇ ನಿಂತಿರ್ತಾರೆ."

ಜ್ಯೂಸ್ ಅಂಗಡಿಯವನು ಟೇಪನ್ನು ಮತ್ತೆ ಬಿಚ್ಚಿ, ನೆರಳನ್ನು ಅಳೆಯಲು ಹೋದ.

ಮಾವ ಸ್ಟೂಲು ಎಳೆದುಕೊಂಡು ಮೇಲೆ ಹತ್ತಿ ಬ್ಯಾನರು ಬಿಚ್ಚಿದ. ಹಿಂಬದಿ ಚೊಕ್ಕ ಬಿಳುಪಾಗಿತ್ತು. ಅದನ್ನು ಬೆಂಚಿನ ಮೇಲೆ ಹಾಸಿ, ಚಕ್ರಗಳ ಗುರುತಿಗೆ ಬಳಸುವ ಬಣ್ಣದಲ್ಲಿ ಬರೆಯತೊಡಗಿದ. ಬಿಳಿ ಅಂಗಿಯ ಹೊಟ್ಟೆಗೆ ಬಣ್ಣ ಮೆತ್ತಿತು. ಅತ್ತೆ ನೋಡಿಯೂ ಬೈಯಲಿಲ್ಲ.

"ಏನು ಬರೀತಿದೀಯ ಮಾವ?"

"ನಿಜ. 'ಸೂಟ್‌ಕೇಸ್ ಚಕ್ರ ರಿಪೇರಿ: ಮೂರನೆಯ ಸ್ಥಾನ. ಬೇಕಾದರೆ ಹುಡುಕಿ ನೋಡಿ.'"

"ಮೂರು ಅಂತ ಯಾರಾದ್ರೂ ಬ್ಯಾನರ್ ಹಾಕ್ತಾರಾ?" ಎಂದು ಸಾರ್ ತಡೆಯಲಾರದೆ ಕೇಳಿದರು. "ಮೊದಲ ಇಬ್ಬರು ಯಾರು ಅಂತ ಜನ ಕೇಳಲ್ವಾ?"

"ಕೇಳಲಿ. ಆಗಲೇ ಫೋನಲ್ಲಿ ನೋಡಿದೀನಿ. ಒಂದನೇದು, ಸೂಟ್‌ಕೇಸ್ ಚಕ್ರ ಮನೆಯಲ್ಲೇ ಬಿಚ್ಚೋದು ಹೇಗೆ ಅಂತ ತೋರಿಸೋ ವಿಡಿಯೊ. ಎರಡನೇದು, ಬಿಚ್ಚಿದ್ದನ್ನ ಮನೆಯಲ್ಲೇ ಹಾಕೋದು ಹೇಗೆ ಅಂತ." ಮಾವ ಬರೆದದ್ದನ್ನು ಊದಿ ಒಣಗಿಸುತ್ತ, ಗೋಣಿಚೀಲದ ಕಡೆ ಕೈ ಚಾಚಿದ. "ಅವೆರಡನ್ನೂ ನೋಡಿ ಮುಗಿಸಿದೋರು ನೆಟ್ಟಗೆ ಎಲ್ಲಿಗೆ ಬರ್ತಾರೆ ಹೇಳಿ? ಪುಟ್ಟಿ, ಆ ದೊಡ್ಡ ಚಕ್ರಗಳು ಮೇಲಿನ ಮೊಳೆಗೆ, ಸಣ್ಣವು ಕೆಳಗಿನದಕ್ಕೆ. ಸಾಲು ತಪ್ಪಿಸ್ಬೇಡ."